ಬೇಯಿಸಬಾರದಿದ್ದ ಟೇಪು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ತುದಿಯಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದವು, ನಶ್ಯ ಹಾಕುವವರ ಬೆರಳಿನ ಹಾಗೆ. ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಹಳೆಯ ಸ್ಪೂಲ್ ಟೇಪಿನಲ್ಲಿ ಹಾಡು ಕೂತಿರುವುದು ತುಕ್ಕಿನಂಥ ಒಂದು ಪುಡಿಯ ಮೇಲೆ. ಮೂವತ್ತೈದು ವರ್ಷ ಆ ಟೇಪನ್ನು ಹಿಡಿದು, ಎಳೆದು, ಕತ್ತರಿಸಿ, ಅಂಟಿಸಿ ಆ ಪುಡಿ ಚರ್ಮದೊಳಗೇ ಸೇರಿಕೊಂಡಿತ್ತು. ಕೈ ಕುಲುಕಿದ ಹೊಸಬರು ಮೆಲ್ಲಗೆ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಇವರಿಗೆ ಅದು ಗೊತ್ತಾಗಿಬಿಡುತ್ತಿತ್ತು. "ಹೆದರಬೇಡಿ, ಅಂಟುದಿಲ್ಲ" ಎಂದು ನಗುತ್ತಿದ್ದರು.

ನಾನು ಅವರನ್ನು ಟೇಪ್ ಅಂಕಲ್ ಎನ್ನುತ್ತಿದ್ದೆ. ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು. ಮನೆಮಾತು ಕೊಂಕಣಿಯಾದರೂ ನನ್ನ ಹತ್ತಿರ ಆಡುತ್ತಿದ್ದುದು ಕನ್ನಡ, ಅದೂ ಊರು ಬಿಟ್ಟ ದಿನ ಹೇಗಿತ್ತೋ ಹಾಗೇ ಇದ್ದ ಕನ್ನಡ. ಅಮೆರಿಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸ್ಯಾನ್ ಮಟಿಯೋದಲ್ಲಿ ಒಂದು ಲಾಂಡ್ರಿ ಅಂಗಡಿಯ ಹಿಂದೆ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದರು. ಮುಂದಿನ ಕೋಣೆಯಲ್ಲಿ ಯಂತ್ರಗಳು, ಹಿಂದಿನ ಕೋಣೆಯಲ್ಲಿ ಮಂಚ, ಒಲೆ, ಏಸುವಿನ ಪಟ. ಮದುವೆಯಾಗಿರಲಿಲ್ಲ. ಜನ ತಂದುಕೊಟ್ಟ ಹಳೆಯ ಟೇಪುಗಳನ್ನು ಸಿ.ಡಿ.ಗೆ ಇಳಿಸಿಕೊಡುವುದು ಅವರ ಕೆಲಸ.

ಆಗ ನಾನು ಅಲ್ಲೇ ಒಂದು ಡಾಟ್‌ಕಾಮ್ ಕಂಪನಿಯಲ್ಲಿದ್ದೆ. ಹಳೆಯ ಹಾಡುಗಳನ್ನೆಲ್ಲ ಇಂಟರ್ನೆಟ್ಟಿಗೆ ಏರಿಸಿ ಲೋಕ ಉದ್ಧಾರ ಮಾಡುವ ಕಂಪನಿ. ಕಡೆಗೆ ಉದ್ಧಾರವಾಗಿದ್ದು ನಮಗೆ ಕುರ್ಚಿ ಮೇಜು ಮಾರಿದವನೊಬ್ಬನೇ. ಯಾರೋ ಸ್ಯಾನ್ ಮಟಿಯೋದಲ್ಲಿ ಒಬ್ಬ ಮುದುಕ ಇದ್ದಾನೆ, ಅವನ ಹತ್ತಿರ ರಾಶಿ ಟೇಪು ಇದೆ ಎಂದರು. ಪಟ್ಟಿ ಮಾಡಿಕೊಂಡು ಬಾ ಎಂದು ಮ್ಯಾನೇಜರು ನನ್ನನ್ನು ಅಟ್ಟಿದ. ಹೋದೆ. ಮುಂದಿನ ಕೋಣೆಯಲ್ಲಿ ಯಾರೂ ಇಲ್ಲ. ಅಷ್ಟರಲ್ಲಿ ಗಂಡನ ಫೋನು. ಪ್ಲೆಸೆಂಟನ್ ಆಫೀಸಿನಿಂದ ಹೊರಟವನು ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದೇನೆ, ಮನೆಗೆ ಬಂದ ಪ್ಲಂಬರನ್ನು ನೀನೇ ನೋಡಿಕೋ ಎಂದ. ನಾನು ಮೈಸೂರಿನ ಮಂಡಿ ಮೊಹಲ್ಲಾದವಳು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಬೈಯಲು ಮಾತ್ರ ಯಾವತ್ತೂ ಕನ್ನಡವೇ. ಶುರು ಮಾಡಿದೆ. ಎರಡು ನಿಮಿಷ ಆಗಿರಬೇಕು, ಪರದೆಯ ಹಿಂದಿನಿಂದ ಒಂದು ಗಂಡುದನಿ:

"ಏ ಮಾರಾಯ್ತಿ, ಬೈಯುದಾದರೆ ಸ್ವಲ್ಪ ಮೆಲ್ಲ ಬೈ. ಇಲ್ಲಿ ಟೇಪು ಓಡ್ತಾ ಉಂಟು."

ಫೋನು ಕೈಯಿಂದ ಬೀಳುವುದೊಂದು ಬಾಕಿ.

ಟೀ ಕೊಟ್ಟು ಕೂರಿಸಿದರು. ಕಂಪನಿಯ ಪಟ್ಟಿಗೆ ಟೇಪು ಕೊಡಲಿಲ್ಲ. "ಇದೆಲ್ಲ ನನ್ನದಲ್ಲ, ಹುಡುಗರದ್ದು" ಎಂದರು. ಯಾವ ಹುಡುಗರು ಎಂದು ಕೇಳಿದ್ದೇ ತಪ್ಪಾಯಿತು. ಸಂಜೆಯವರೆಗೆ ನನ್ನನ್ನು ಬಿಡಲಿಲ್ಲ.

ಹುಡುಗರು ಎಂದರೆ ಅರವತ್ತರ ದಶಕದ ಒಂದು ಬ್ರಿಟಿಷ್ ರಾಕ್ ಬ್ಯಾಂಡು. ಹೆಸರು ಬರೆಯುವುದಿಲ್ಲ, ಬರೆದರೆ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಾಗುತ್ತದೆ. ಇಂಗ್ಲೆಂಡಿನ ಉತ್ತರದ ಒಂದು ಗಿರಣಿ ಊರಿನ ನಾಲ್ವರು. ಅದರಲ್ಲಿ ಇಬ್ಬರು ಸ್ವಂತ ಅಣ್ಣತಮ್ಮ. ಅಣ್ಣ ಗಿಟಾರು ನುಡಿಸುತ್ತಿದ್ದ, ತಮ್ಮ ಹಾಡುತ್ತಿದ್ದ. ಉಳಿದಿಬ್ಬರು ಪಕ್ಕದ ಬೀದಿಯವರು. ನಮ್ಮ ಅಂಕಲ್ ಮಂಗಳೂರಿನಲ್ಲಿ ರೇಡಿಯೋ ರಿಪೇರಿ ಕಲಿತು, ಮುಂಬಯಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಲಂಡನ್ನಿಗೆ ಹೋಗಿ, ಒಂದು ನೆಲಮಾಳಿಗೆಯ ಸ್ಟುಡಿಯೋದಲ್ಲಿ ನೆಲ ಗುಡಿಸುವ ಕೆಲಸಕ್ಕೆ ಸೇರಿದ್ದರು. ಆರು ತಿಂಗಳಿಗೆ ಟೇಪ್ ಆಪರೇಟರ್ ಆದರು. ಗಾಜಿನ ಹಿಂದೆ ಕೂತು, ಹೇಳಿದಾಗ ಗುಂಡಿ ಒತ್ತುವುದು, ಹೇಳಿದಾಗ ನಿಲ್ಲಿಸುವುದು.

"ಅವರ ಅಪ್ಪ ಹತ್ತಿ ಗಿರಣಿಯವ, ನನ್ನ ಅಪ್ಪ ಹಂಚಿನ ಫ್ಯಾಕ್ಟರಿಯವ" ಎನ್ನುತ್ತಿದ್ದರು. "ಸೈರನ್ ಆದ ಕೂಡಲೇ ಊರಿಗೆ ಊರೇ ಎದ್ದು ನಡೆಯುವುದು ಗೊತ್ತುಂಟಲ್ಲ, ಅದು ನಮಗೆ ಐದೂ ಜನಕ್ಕೆ ಗೊತ್ತಿತ್ತು. ಸ್ಟುಡಿಯೋದಲ್ಲಿ ಬೇರೆಯವರಿಗೆ ಗೊತ್ತಿರಲಿಲ್ಲ."

ಮೊದಲ ರೆಕಾರ್ಡು ಯಾರಿಗೂ ಬೇಡವಾಯಿತು. ಎರಡನೆಯದು ಎಲ್ಲಿಂದ ಎಲ್ಲಿಗೋ ಹೋಯಿತು. ಅದರಲ್ಲಿ ಗಿಟಾರು ಹರಿದ ಬಟ್ಟೆಯ ಹಾಗೆ ಕರಕರ ಎನ್ನುತ್ತದೆ. ಅಣ್ಣ ಸ್ಪೀಕರಿನೊಳಗೆ ಒಂದು ಕಂದು ಅಂಚೆ ಕವರು ಸಿಕ್ಕಿಸಿದ್ದನಂತೆ. ಸ್ಟುಡಿಯೋದ ಯಜಮಾನ ಸ್ಪೀಕರು ಹಾಳಾಗಿದೆ, ನಿಲ್ಲಿಸು ಎಂದು ಬೊಬ್ಬೆ ಹಾಕಿದ. ಅಂಕಲ್ ಕೇಳಿಸದವರ ಹಾಗೆ ಕೂತರು. ಟೇಪು ಓಡಿತು. ಆಮೇಲೆ ಅಮೆರಿಕದ ಪ್ರವಾಸ, ಕಿರುಚುವ ಹುಡುಗಿಯರು, ತಾವು ನುಡಿಸಿದ್ದು ತಮಗೇ ಕೇಳಿಸದಂಥ ಗಲಾಟೆ. ಅಂಕಲ್ಲನ್ನೂ ಸೌಂಡಿನ ಕೆಲಸಕ್ಕೆಂದು ಕರೆದುಕೊಂಡು ತಿರುಗಿದರು. ಕೂದಲು ಉದ್ದವಾಯಿತು, ಹಾಡುಗಳೂ ಉದ್ದವಾದವು. ಕಡೆಯ ಎರಡು ರೆಕಾರ್ಡುಗಳನ್ನು ಜನ ಮೂಸಿಯೂ ನೋಡಲಿಲ್ಲ. ಹಾಡಿನ ಕೆಳಗೆ ಯಾರ ಹೆಸರು ಹಾಕಬೇಕು ಎಂಬ ಜಗಳ ಅಣ್ಣತಮ್ಮಂದಿರ ನಡುವೆ ಶುರುವಾಗಿತ್ತು. ನಮ್ಮ ಕಡೆ ಗದ್ದೆಯ ಬದುವಿಗೆ ಹೊಡೆದಾಡುತ್ತಾರಲ್ಲ, ಹಾಗೆ.

ಕಡೆಯ ಜಗಳ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸ್ಟುಡಿಯೋದಲ್ಲಿ ಆಯಿತು. ಅಣ್ಣ ಗಿಟಾರನ್ನು ಅಲ್ಲೇ ಬಿಟ್ಟು ಎದ್ದು ಹೋದ. ಉಳಿದಿಬ್ಬರು ಅವನ ಹಿಂದೆ ಹೋದರು. ತಮ್ಮ ಮತ್ತು ಅಂಕಲ್ ಉಳಿದರು. ಆಗ ತಮ್ಮ ಅಣ್ಣನ ಗಿಟಾರನ್ನು ಎತ್ತಿಕೊಂಡು, ಒಂದು ಹೊಸ ಹಾಡನ್ನು ಒಬ್ಬನೇ ಹಾಡಿದ. ಮುಗಿಸಿ ಹೊರಗೆ ಬಂದು, "ಇದು ಅಣ್ಣನಿಗೆ. ಅವನಿಗೆ ಕೇಳಿಸು" ಎಂದು ಅಂಕಲ್ ಕೈಗೆ ಆ ರೀಲು ಕೊಟ್ಟ. ನಾಲ್ವರೂ ನಾಲ್ಕು ಬೇರೆ ವಿಮಾನದಲ್ಲಿ ಊರಿಗೆ ಹೋದರು, ಅಂಕಲ್ ಇಲ್ಲೇ ಉಳಿದುಬಿಟ್ಟರು. ಮರುವರ್ಷ ಕಾರು ಅಪಘಾತದಲ್ಲಿ ತಮ್ಮ ಸತ್ತ. ಅಂಕಲ್ ಅಣ್ಣನಿಗೆ ಬರೆದ ಕಾಗದಗಳು ಒಡೆಯದೆ ವಾಪಸು ಬಂದವು. ಆ ಮನುಷ್ಯ ಆಮೇಲೆ ತಮ್ಮನ ದನಿಯನ್ನು ಕೇಳಲೇ ಇಲ್ಲವಂತೆ. ಅಂಗಡಿಯಲ್ಲಿ ಅವನ ಹಾಡು ಬಂದರೆ ಎದ್ದು ಹೊರಗೆ ಹೋಗುತ್ತಿದ್ದನಂತೆ.

"ಆ ಹಾಡನ್ನು ನೀವು ಕಾಪಿ ಮಾಡಿ ಇಟ್ಟಿದ್ದೀರಿ ತಾನೇ?" ಎಂದು ಕೇಳಿದೆ. ಕಂಪ್ಯೂಟರಿನವಳು ನಾನು, ಬ್ಯಾಕಪ್ ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

"ಇಲ್ಲ."

"ಇಲ್ಲ ಅಂದರೆ? ಮೂವತ್ತು ವರ್ಷದಿಂದ ಒಂದೇ ಒಂದು ರೀಲು?"

"ಮೊದಲು ಅವನು ಕೇಳಬೇಕು. ಆಮೇಲೆ ಕಾಪಿ. ನಾನು ಒಂದು ಸಲ ಕೇಳಿದ್ದೇನಲ್ಲ, ಆ ದಿನ. ಸಾಕು."

ಎಂಥ ಮೊಂಡು! ಆ ವಿಷಯಕ್ಕೆ ನಾನು ಅವರ ಜೊತೆ ಎಷ್ಟು ಸಲ ಜಗಳವಾಡಿದ್ದೇನೋ ಲೆಕ್ಕವಿಲ್ಲ. ಇವತ್ತಿಗೂ ಆ ಸಿಟ್ಟು ಇದೆ. ಸುಳ್ಳು ಹೇಳುವುದಿಲ್ಲ. ಕಾಪಿ ಮಾಡಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಡಾಟ್‌ಕಾಮ್ ಗುಳ್ಳೆ ಒಡೆದಾಗ ನಮ್ಮ ಕಂಪನಿ ಒಂದು ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿತು. ನನ್ನ ವೀಸಾ ಕೆಲಸದ ಜೊತೆಗೇ ಹೋಯಿತು. ಗಂಡನ ವೀಸಾಕ್ಕೆ ಜೋತುಬಿದ್ದು ಉಳಿದೆ, ಸಂಬಳಕ್ಕೆ ದುಡಿಯುವ ಹಕ್ಕಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಕೂತು ಗೋಡೆ ನೋಡಿ ತಲೆ ಕೆಟ್ಟು, ವಾರಕ್ಕೆ ಮೂರು ದಿನ ಅಂಕಲ್ ಅಂಗಡಿಗೆ ಹೋಗತೊಡಗಿದೆ. ಸಂಬಳವಿಲ್ಲ. ಮೀನು ಸಾರು, ಕುಚ್ಚಲಕ್ಕಿ ಅನ್ನ ಹಾಕುತ್ತಿದ್ದರು. ಭಾನುವಾರಕ್ಕೆಂದು ಹಂದಿ ಬೇಯಿಸುವ ಪಾತ್ರೆಯನ್ನು ನಾನು ಬರುವ ದಿನ ಬಟ್ಟೆ ಸುತ್ತಿ ಮಂಚದ ಕೆಳಗೆ ತಳ್ಳಿಡುತ್ತಿದ್ದರು. "ಅಷ್ಟೆಲ್ಲ ಬೇಡ ಅಂಕಲ್, ನಾನೇನು ಅದನ್ನು ನೆಕ್ಕುತ್ತೇನಾ" ಎಂದರೆ, "ನೀನು ಬೇಡ ಅಂತಿ. ನಿನ್ನ ಅಮ್ಮ ನೋಡಿದರೆ ಎಂತ ಹೇಳಿಯಾರು?" ಎನ್ನುತ್ತಿದ್ದರು. ಅಮ್ಮ ಮೈಸೂರಿನಲ್ಲಿದ್ದಳು. ರಂಜಾನಿನಲ್ಲಿ ಅಂಕಲ್ ನನ್ನ ಎದುರಿಗೆ ಒಂದು ಲೋಟ ನೀರೂ ಕುಡಿಯಲಿಲ್ಲ.

ಅವರಿಂದ ಕಲಿತದ್ದು ಹೆಚ್ಚಾಗಿ ನಿಧಾನ. ಹಾಡು ಮುಗಿದರೂ ಅವರು ಯಂತ್ರ ನಿಲ್ಲಿಸುತ್ತಿರಲಿಲ್ಲ. ಕಡೆಯ ತಂತಿಯ ಸದ್ದು ಪೂರ್ತಿ ಇಂಗಿ ಹೋಗುವವರೆಗೆ ಕಾಯುತ್ತಿದ್ದರು. ಮನುಷ್ಯರ ಜೊತೆಯೂ ಹಾಗೇ. ನಾನು ಬಡಬಡ ಮಾತು ಮುಗಿಸಿದ ಮೇಲೂ ಸುಮ್ಮನೆ ನೋಡುತ್ತಾ ಇರುತ್ತಿದ್ದರು, ಇನ್ನೂ ಏನೋ ಬರುವುದಿದೆ ಎನ್ನುವ ಹಾಗೆ. ನಿಜವಾಗಿಯೂ ಬರುತ್ತಿತ್ತು. ಮದುವೆಯಾಗಿ ನಾಲ್ಕು ವರ್ಷವಾದರೂ ಮಗುವಾಗದ್ದನ್ನು ನಾನು ಮೊದಲು ಬಾಯಿಬಿಟ್ಟು ಹೇಳಿದ್ದು ಹಾಗೆ ಅವರ ಮುಂದೆ.

ಇನ್ನೊಂದು ಕಲಿಸಿದ್ದು ಟೇಪು ಬೇಯಿಸುವುದು. ನಗಬೇಡಿ, ಇದು ಆ ಕಸುಬಿನ ನಿಜವಾದ ಮಾತು. ಎಪ್ಪತ್ತರ ದಶಕದ ಟೇಪುಗಳು ವರ್ಷ ಕಳೆದಂತೆ ತೇವ ಕುಡಿದು ಬೆಲ್ಲದ ಹಾಗೆ ಅಂಟಂಟಾಗುತ್ತವೆ. ಹಾಕಿದರೆ ಯಂತ್ರಕ್ಕೆ ಮೆತ್ತಿಕೊಂಡು ಕಿರುಗುಟ್ಟುತ್ತವೆ. ಅವನ್ನು ಸಣ್ಣ ಶಾಖದಲ್ಲಿ ಎಂಟು ಗಂಟೆ ಒಣಗಿಸಿದರೆ ಕೆಲವು ವಾರ ಚೆನ್ನಾಗಿ ನುಡಿಯುತ್ತವೆ, ಅಷ್ಟರೊಳಗೆ ಕಾಪಿ ಮಾಡಿಕೊಳ್ಳಬೇಕು. ಅದಕ್ಕೆ ಅಂಕಲ್ ಬಳಸುತ್ತಿದ್ದದ್ದು ಗರಾಜ್ ಸೇಲಿನಲ್ಲಿ ತಂದ, ಹಣ್ಣು ಒಣಗಿಸುವ ಒಂದು ದುಂಡನೆಯ ಪ್ಲಾಸ್ಟಿಕ್ ಯಂತ್ರ. ಆದರೆ ಅದಕ್ಕೂ ಹಿಂದಿನ, ಅರವತ್ತರ ಕಾಲದ ಕೆಲವು ಟೇಪುಗಳು ಬೇರೆ ಜಾತಿ. ಅವಕ್ಕೆ ಶಾಖ ತಗುಲಿದರೆ ಮುಗಿಯಿತು, ಒಣಗಿದ ಎಲೆಯ ಹಾಗೆ ಸುರುಟಿ ಮುರಿಯುತ್ತವೆ. ಗುರುತು ಹಿಡಿಯುವುದು ಸುಲಭ: ರೀಲನ್ನು ಬೆಳಕಿಗೆ ಹಿಡಿಯಬೇಕು. ಬೆಳಕು ದಾಟದಿದ್ದರೆ ಬೇಯಿಸಬಹುದು. ದಾಟಿದರೆ ಮುಟ್ಟಬಾರದು.

"ಡಬ್ಬಿ ಓದಬೇಡ, ರೀಲು ನೋಡು" ಎಂದು ಎಷ್ಟು ಸಲ ಹೇಳಿದ್ದರು!

ಆ ದಿನಗಳಲ್ಲಿ ಹುಡುಗರ ಬ್ಯಾಂಡಿಗೆ ಮತ್ತೆ ಜೀವ ಬಂದಿತ್ತು. ಮನೆಬಾಗಿಲಿಗೆ ದಿನಸಿ ತಲುಪಿಸುವ ಒಂದು ಡಾಟ್‌ಕಾಮ್ ಕಂಪನಿ ಅವರ ಹಳೆಯ ಹಾಡನ್ನು ಟಿ.ವಿ. ಜಾಹೀರಾತಿಗೆ ಹಾಕಿಕೊಂಡಿತು. ಟೊಮೆಟೊ ಉರುಳುವಾಗ ಆ ಕರಕರ ಗಿಟಾರು. ಅಂಕಲ್‌ಗೆ ಬೇಜಾರಾಗುತ್ತದೆ ಎಂದುಕೊಂಡಿದ್ದೆ, ಅವರು ಟಿ.ವಿ.ಯ ಹತ್ತಿರ ಬಗ್ಗಿ, "ಬೇಸ್ ಕಮ್ಮಿ ಮಾಡಿದ್ದಾರೆ, ಕಳ್ಳರು" ಎಂದರು ಅಷ್ಟೆ. ಕಂಪನಿ ಮುಳುಗಿತು, ಹಾಡು ತೇಲಿತು. ಅಲ್ಲೇ ಹತ್ತಿರದ ಬೆರ್ರಿಯೆಸಾದ ಗರಾಜುಗಳಲ್ಲಿ ಬ್ಯಾಂಡು ಕಟ್ಟಿದ ಕಾಲೇಜು ಹುಡುಗರು ಹುಡುಕಿಕೊಂಡು ಬರತೊಡಗಿದರು. ಯಾರಿಗೂ ಬೇಡವಾಗಿದ್ದ ಕಡೆಯ ಎರಡು ರೆಕಾರ್ಡುಗಳೇ ಅವರಿಗೆ ಪ್ರಾಣ. ಅಂಕಲ್ ಅವರನ್ನು ಕೂರಿಸಿ, ಸ್ಪೀಕರಿಗೆ ಅಂಚೆ ಕವರು ಹೇಗೆ ಸಿಕ್ಕಿಸಬೇಕು ಎಂದು ತೋರಿಸಿಕೊಡುತ್ತಿದ್ದರು. ಒಬ್ಬ ಪುಣ್ಯಾತ್ಮ ಹೋಗುವಾಗ ಅಂಗಿಯೊಳಗೆ ಒಂದು ಟೇಪನ್ನೂ ಸೇರಿಸಿಕೊಂಡು ಹೋದ. ಅದಾದ ಮೇಲೆ ಅಂಕಲ್ ಆ ಒಂದು ರೀಲನ್ನು ಎಲ್ಲಿಟ್ಟರು ಎಂದು ನನಗೂ ಹೇಳಲಿಲ್ಲ. ಮಂಚದ ಪಕ್ಕದ ಬೀಗದ ಕಪಾಟಿನಲ್ಲಿದೆ ಎಂದು ನಾನು ಅಂದುಕೊಂಡೆ.

ಆಮೇಲೆ ಒಂದು ದಿನ ಇಂಗ್ಲೆಂಡಿನಿಂದ ಕಾಗದ ಬಂತು. ಅಣ್ಣನದು. ಎಲ್ಲ ಹಳೆಯ ಹಾಡುಗಳನ್ನು ಸೇರಿಸಿ ಸಿ.ಡಿ.ಗಳ ಪೆಟ್ಟಿಗೆಯೊಂದನ್ನು ಹೊರತರುತ್ತಿದ್ದಾರೆ, ನಿನ್ನ ಹತ್ತಿರ ಇರುವ ಟೇಪುಗಳು ಬೇಕು, ನಾನೇ ಬರುತ್ತೇನೆ ಎಂದು ಬರೆದಿದ್ದ. ಕೆಳಗೆ ಬೇರೆ ಶಾಯಿಯಲ್ಲಿ ಒಂದು ಸಾಲು: ತಮ್ಮ ನಿನಗೆ ಕೊಟ್ಟನೆಂದು ಬ್ಯಾಂಡಿನವರು ಹೇಳುತ್ತಿದ್ದ ಆ ಹಾಡು ಇನ್ನೂ ಇದ್ದರೆ ಕೇಳುತ್ತೇನೆ.

ಅಂಕಲ್ ಅದನ್ನು ನನಗೆ ಓದಲು ಕೊಟ್ಟು, ಒಲೆಯ ಕಡೆ ತಿರುಗಿ ನಿಂತುಕೊಂಡರು. ಹೆಗಲು ಅಲುಗುತ್ತಿತ್ತು. "ಮೂವತ್ತು ವರ್ಷ ಮಾರಾಯ್ತಿ" ಎಂದರು. ನನಗೂ ಅಳು ಬಂತು.

ಅಣ್ಣ ಬರಲು ಮೂರು ವಾರ ಇತ್ತು. ಬ್ಯಾಂಡಿನ ತಾಲೀಮು, ಕಾರ್ಯಕ್ರಮಗಳನ್ನು ಅಂಕಲ್ ಎಪ್ಪತ್ತರ ದಶಕದಲ್ಲಿ ಹೊಸ ಟೇಪಿಗೆ ಇಳಿಸಿಟ್ಟಿದ್ದರು. ಹತ್ತೊಂಬತ್ತು ಡಬ್ಬಿ, ಎಲ್ಲ ಒಂದೇ ಕಂಪನಿಯದು, ಎಲ್ಲ ಅಂಟಂಟು. ಅವನ್ನು ಬೇಯಿಸಬೇಕಿತ್ತು. ಅಂಕಲ್‌ಗೆ ಎದೆನೋವಿತ್ತು, ಒಂದು ಬೆಳಿಗ್ಗೆ ಯಾವುದೋ ಪರೀಕ್ಷೆಗೆಂದು ಆಸ್ಪತ್ರೆಗೆ ಹೋದರು. ಸಂಜೆ ಬರುವಷ್ಟರಲ್ಲಿ ಮೊದಲ ಕಂತನ್ನು ಮುಗಿಸಿ ಅವರನ್ನು ಖುಷಿಪಡಿಸಬೇಕು ಎಂದು ನನಗೆ ಹುಮ್ಮಸ್ಸು. ನಾನೇ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿದ್ದೆ: ಡಬ್ಬಿ, ಕಂಪನಿ, ವರ್ಷ. ಪಟ್ಟಿ ಹಿಡಿದು ನಾಲ್ಕು ಡಬ್ಬಿ ತೆಗೆದೆ. ಮೊದಲ ಮೂರು ರೀಲುಗಳನ್ನು ಕಿಟಕಿಗೆ ಹಿಡಿದು ನೋಡಿದೆ, ಬೆಳಕು ದಾಟಲಿಲ್ಲ. ನಾಲ್ಕನೆಯದನ್ನು ನೋಡಲಿಲ್ಲ. ಅದೇ ಡಬ್ಬಿ, ಅದೇ ಕಂಪನಿ, ಇನ್ನೇನು ನೋಡುವುದು? ಯಂತ್ರಕ್ಕೆ ಹಾಕಿದೆ. ಮಧ್ಯೆ ಮಧ್ಯೆ ಅಡ್ಡ ತಿರುಗಿಸುತ್ತಾ, ರೇಡಿಯೋ ಕೇಳುತ್ತಾ, ಎಂಟು ಗಂಟೆ ಕಾದೆ.

ಅಂಕಲ್ ಸಂಜೆ ಬಂದರು. ಯಂತ್ರ ನೋಡಿ, "ಅರೆ, ಶುರು ಮಾಡಿದ್ದಿಯಾ?" ಎಂದು ಮುಖ ಅರಳಿಸಿದರು. ಒಂದೊಂದೇ ರೀಲನ್ನು ಎತ್ತಿ ನೋಡಿದರು. ನಾಲ್ಕನೆಯದನ್ನು ಎತ್ತಿದವರು ಕಿಟಕಿಗೆ ಹಿಡಿದರು. ಪಶ್ಚಿಮದ ಬಿಸಿಲು ಟೇಪನ್ನು ದಾಟಿ ಅವರ ಮುಖದ ಮೇಲೆ ಬಿತ್ತು. ಅದರ ಅಂಚು ಹಪ್ಪಳದ ಹಾಗೆ ಅಲೆಅಲೆಯಾಗಿತ್ತು.

"ಇದು ಎಷ್ಟು ಹೊತ್ತು?" ಎಂದು ಕೇಳಿದರು.

"ಎಂಟು ಗಂಟೆ. ಯಾಕಂಕಲ್?"

ಅವರು ಕುರ್ಚಿ ಹುಡುಕಿಕೊಂಡು ಕೂತರು. ಆಗ ನನಗೆ ಗೊತ್ತಾಯಿತು. ಕಳ್ಳರಿಗೆ ಸಿಗಬಾರದು ಎಂದು ಅವರು ಆ ರೀಲನ್ನು ಎಲ್ಲ ಡಬ್ಬಿಗಳ ನಡುವೆ ಅಂಥದೇ ಒಂದು ಡಬ್ಬಿಯಲ್ಲಿ ಬಚ್ಚಿಟ್ಟಿದ್ದರು. ನಮ್ಮಜ್ಜಿ ಚಿನ್ನದ ಬಳೆಗಳನ್ನು ಅಕ್ಕಿ ಡಬ್ಬದಲ್ಲಿ ಹೂತಿಡುತ್ತಿದ್ದಳು. ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿದಾರ, ಹಾರ್ಲಿಕ್ಸ್ ಬಾಟಲಿಯಲ್ಲಿ ಹುಣಸೆಹಣ್ಣು, ನಾನು ಬೆಳೆದದ್ದೇ ಅಂಥ ಮನೆಯಲ್ಲಿ. ಹೊರಗೆ ಬರೆದದ್ದು ಒಳಗೆ ಇರುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ಬೇರೆ ಯಾರಾದರೂ ಡಬ್ಬಿ ನಂಬಿದ್ದರೆ ಕ್ಷಮಿಸಬಹುದಿತ್ತು. ನಾನು ನಂಬಿದೆ.

"ಬೈಯಿರಿ ಅಂಕಲ್" ಎಂದೆ. ಅಳುತ್ತಿದ್ದೆ. "ಎರಡು ಏಟಾದರೂ ಹಾಕಿ."

"ಮಂಡೆ ಬಿಸಿ ಮಾಡಬೇಡ" ಎಂದರು. "ಮನೆಗೆ ಹೋಗು. ನಾಳೆ ನೋಡುವ."

ನಾಲ್ಕು ದಿನ ಅದನ್ನು ತಂಪಿನಲ್ಲಿಟ್ಟು ಕಾದೆವು. ಐದನೆಯ ದಿನ ಯಂತ್ರಕ್ಕೆ ಏರಿಸಿದರು. ಟೇಪು ಅಡಿಗಡಿಗೂ ಮುರಿಯಿತು. ಅವರು ಬ್ಲೇಡು ಹಿಡಿದು ಕತ್ತರಿಸುವುದು, ನಾನು ಅಂಟಿಸುವುದು. ಒಂಬತ್ತು ದಿನ ಮಾಡಿದೆವು. ಹೊರಸುತ್ತುಗಳೆಲ್ಲ ಹೋಗಿದ್ದವು, ಅಲ್ಲೊಂದು ಇಲ್ಲೊಂದು ಅಕ್ಷರ, ನೀರಿನೊಳಗಿಂದ ಯಾರೋ ಹಾಡಿದ ಹಾಗೆ. ಒಳಗಿನ ಕೆಲವು ಸುತ್ತು ಮಾತ್ರ ಉಳಿದಿತ್ತು. ಟೇಪನ್ನು ಹಿಂದಕ್ಕೆ ಸುತ್ತದೆ ಇಟ್ಟಿದ್ದರಿಂದ ಅದರಲ್ಲಿದ್ದದ್ದು ಹಾಡು ಶುರುವಾಗುವ ಮೊದಲಿನ ಮಾತು. ತಮ್ಮನ ದನಿ, ಅಂಕಲ್‌ರ ಇಪ್ಪತ್ತೈದು ವರ್ಷದ ದನಿ:

"ಹೋದನಾ ಅವನು?"

"ಹೋದ."

"ವಾಪಸು ಬರ್ತಾನೆ."

ಆಮೇಲೆ ಗಿಟಾರಿನ ಒಂದು ಮೀಟು. ಮುಂದೆ ಏನೂ ಇಲ್ಲ.

ಅಣ್ಣ ಬಂದ. ಎತ್ತರದ, ಬಾಗಿದ ಬೆನ್ನಿನ ಮನುಷ್ಯ, ಕೈಯಲ್ಲಿ ಟೋಪಿ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಬಹಳ ಹೊತ್ತು ನಿಂತರು. ನಾನು ಟೀ ಮಾಡಲು ಒಳಗೆ ಹೋದೆ. ತಟ್ಟೆ ಹಿಡಿದು ಬಾಗಿಲಿಗೆ ಬಂದಾಗ ಟೇಪು ಓಡುತ್ತಿತ್ತು. ವಾಪಸು ಬರ್ತಾನೆ ಎಂಬ ಮಾತು ಕೇಳಿ ಅಣ್ಣ ಮೇಜಿನ ಅಂಚು ಹಿಡಿದುಕೊಂಡ. ಮೂರು ಸಲ ಹಾಕಿಸಿ ಕೇಳಿದ. ಆಮೇಲೆ, "ಹಾಡು ಎಲ್ಲಿ?" ಎಂದ.

"ಹಾಳಾಯಿತು" ಎಂದರು ಅಂಕಲ್. "ಬೇಯಿಸಬಾರದಿತ್ತು. ನಾನು ಬೇಯಿಸಿದೆ. ನೋಡದೆ ಹಾಕಿದೆ."

ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ಬಾಯಿ ತೆರೆದರೆ ಸಾಕಿತ್ತು, ಎರಡು ಶಬ್ದ ಸಾಕಿತ್ತು. ಮಂಡಿ ಮೊಹಲ್ಲಾಕ್ಕೆ ಮೊಹಲ್ಲಾವೇ ಹೆದರುತ್ತಿದ್ದ ನನ್ನ ಬಾಯಿಗೆ ಆವತ್ತು ಬೀಗ ಬಿತ್ತು.

ಅಣ್ಣ ಕೂಗಾಡಿದ. ಮೂವತ್ತು ವರ್ಷ ಇಟ್ಟುಕೊಂಡು, ನಾನು ಬರುವ ಹೊತ್ತಿಗೆ ಸುಟ್ಟುಹಾಕಿದೆಯಾ ಎಂದ. ನೀನು ಯಾವತ್ತೂ ಅವನ ಪಕ್ಷವೇ, ನನಗೆ ಸಿಗಬಾರದು ಎಂದೇ ಹೀಗೆ ಮಾಡಿದೆ ಎಂದ. ಅಂಕಲ್ ಅವನು ಮುಗಿಸುವವರೆಗೆ ಕಾದರು. ಮುಗಿಸಿದ ಮೇಲೂ ಕಾದರು. ಅವನು ಉಳಿದ ಹದಿನೆಂಟು ಟೇಪುಗಳನ್ನು ಎತ್ತಿಕೊಂಡು ಹೊರಟುಹೋದ. ಟೀ ತಟ್ಟೆ ನನ್ನ ಕೈಯಲ್ಲೇ ಇತ್ತು.

"ಯಾಕೆ ಹಾಗೆ ಹೇಳಿದಿರಿ?" ಎಂದು ಕೇಳಿದೆ.

"ಟೇಪ್ ರೂಮಿನಲ್ಲಿ ಎಂತ ಹಾಳಾದರೂ ಅದು ಆಪರೇಟರ್ ಮಾಡಿದ್ದು. ಯಾರ ಕೈ ಅಂತ ಇಲ್ಲ. ಅದು ಹಾಗೆಯೇ" ಎಂದರು.

ನನಗೆ ಕೆಲಸ ಮಾಡುವ ಹಕ್ಕಿರಲಿಲ್ಲ, ನೀನು ಯಾರು, ಇಲ್ಲೇನು ಮಾಡುತ್ತಿದ್ದೀಯಾ ಎಂದು ಕೇಳಿದರೆ ವೀಸಾಕ್ಕೆ ಕುತ್ತು ಬರುತ್ತಿತ್ತು. ಅದಕ್ಕೇ ಸುಮ್ಮನಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಮನುಷ್ಯನ ಮುಖ ನೋಡುವ ಧೈರ್ಯ ಇರಲಿಲ್ಲ, ಅಷ್ಟೆ.

ಸಿ.ಡಿ.ಗಳ ಪೆಟ್ಟಿಗೆ ಮರುವರ್ಷ ಬಂತು. ಪತ್ರಿಕೆಗಳು ಹಾಡಿ ಹೊಗಳಿದವು. ಬ್ಯಾಂಡಿನಲ್ಲಿ ಉಳಿದ ಮೂವರು ಮತ್ತೆ ವೇದಿಕೆ ಹತ್ತಿದರು. ಹೊಸ ಕಾಲದ ಹುಡುಗರೆಲ್ಲ ಅವರನ್ನು ಗುರುಗಳು ಎಂದರು. ಪೆಟ್ಟಿಗೆಯೊಳಗೆ ಒಂದು ದಪ್ಪ ಪುಸ್ತಕ ಇತ್ತು. ಅದರ ಕಡೆಯಲ್ಲಿ ಅಣ್ಣ ಬರೆದಿದ್ದ: ತಮ್ಮನ ಕಡೆಯ ಹಾಡು ನಮ್ಮ ಟೇಪ್ ಆಪರೇಟರ್‌ನ ಅಜ್ಞಾನದಿಂದ ನಾಶವಾಯಿತು. ಪಕ್ಕದಲ್ಲಿ ಅಂಕಲ್‌ರ ಪೂರ್ತಿ ಹೆಸರು. ಅವರು ಗುಂಡಿ ಒತ್ತಿದ ಆ ಎಲ್ಲ ರೆಕಾರ್ಡುಗಳ ಕವರಿನ ಮೇಲೆ ಫೋಟೊ ತೆಗೆದವನ ಹೆಸರಿತ್ತು, ಅಂಗಿ ಹೊಲಿದವನ ಹೆಸರೂ ಇತ್ತು. ಇವರದು ಒಂದರಲ್ಲೂ ಇರಲಿಲ್ಲ. ಮೊದಲ ಸಲ ಅಚ್ಚಾಗಿದ್ದು ಇಲ್ಲೇ.

ಅಂಕಲ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಸ್ಪೆಲ್ಲಿಂಗ್ ಸರಿ ಹಾಕಿದ್ದಾರೆ" ಎಂದರು. ನಗಲು ನೋಡಿದರು. ಆಗಲಿಲ್ಲ.

"ನಾನು ಅವರಿಗೆ ಬರೀತೀನಿ ಅಂಕಲ್. ಇವತ್ತೇ ಬರೀತೀನಿ."

"ಬರಿ" ಎಂದರು. ಬೇಡ ಎನ್ನಲಿಲ್ಲ, ಇದನ್ನು ನೆನಪಿಡಿ. ಬರಿ ಎಂದರು, ಪುಸ್ತಕದ ಆ ಪುಟ ಹರಿದು ನನಗೆ ಕೊಟ್ಟರು. ಅದರ ಹಿಂದೆ ಅಣ್ಣನ ವಿಳಾಸವನ್ನು ತಾವೇ ಕೈಯಾರೆ ಬರೆದಿದ್ದರು. ಮಾರನೆಯ ವಾರ ನಾನು ಬಸುರಿ ಎಂದು ಗೊತ್ತಾಯಿತು. ವಾಂತಿ, ತಲೆಸುತ್ತು, ಆಮೇಲೆ ಹೆರಿಗೆ, ಆಮೇಲೆ ಡೇಕೇರು, ಹೊಸ ವೀಸಾ, ಹೊಸ ಕೆಲಸ. ನೆಪಕ್ಕೇನು ಕೊರತೆ? ಅವರು ಮತ್ತೆ ಒಂದು ಸಲವೂ ಬರೆದೆಯಾ ಎಂದು ಕೇಳಲಿಲ್ಲ. ನಾನು ಹೋದಾಗಲೆಲ್ಲ ಮಗುವನ್ನು ಎತ್ತಿಕೊಂಡು ಕೊಂಕಣಿಯಲ್ಲಿ ಮಾತಾಡಿಸುತ್ತಿದ್ದರು. ಆ ಕಾಲೇಜು ಹುಡುಗರು ಬರುವುದನ್ನು ನಿಲ್ಲಿಸಿದ್ದರು. ಪುಸ್ತಕ ಅವರೂ ಓದಿದ್ದರಲ್ಲ. ಟೇಪು ತಂದುಕೊಡುವವರೂ ಕಮ್ಮಿಯಾದರು. ಹಾಳುಮಾಡುವವನ ಕೈಗೆ ಯಾರು ಕೊಡುತ್ತಾರೆ?

ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ಅವರು ಹೋದರು. ಎದೆಯದೇ ಕಾಯಿಲೆ. ಚರ್ಚಿನಲ್ಲಿ ನಾವು ಹನ್ನೊಂದು ಜನ ಇದ್ದೆವು. ಕೊಂಕಣಿಯಲ್ಲಿ ಒಂದು ಹಾಡು ಹೇಳಲು ಯಾರಿಗೂ ಬರಲಿಲ್ಲ. ನಾನು ತಲೆಯ ಮೇಲೆ ಸೆರಗು ಹೊದ್ದು ಹಿಂದಿನ ಬೆಂಚಿನಲ್ಲಿ ಕೂತು ನನಗೆ ಗೊತ್ತಿದ್ದ ದುವಾ ಓದಿದೆ.

ಇಷ್ಟು ವರ್ಷವಾಯಿತು. ಮೊನ್ನೆ ನನ್ನ ಮಗಳು, ಕಾಲೇಜಿಗೆ ಹೋಗುವವಳು, ಕಿವಿಗೆ ಸಿಕ್ಕಿಸಿದ್ದನ್ನು ತೆಗೆದು ನಗುತ್ತಾ ಹೇಳಿದಳು: "ಅಮ್ಮಿ, ಲಿಸನ್ ಟು ದಿಸ್ ಬ್ಯಾಂಡ್. ಅವರ ಲಾಸ್ಟ್ ಸಾಂಗನ್ನು ಸಮ್ ಟೇಪ್ ಗೈ ಓವನ್ನಿನಲ್ಲಿ ಇಟ್ಟು ಸುಟ್ಟನಂತೆ. ವಾಟ್ ಎನ್ ಈಡಿಯಟ್!"

ಅವಳನ್ನು ಎದೆಗೊತ್ತಿಕೊಂಡು ಕೊಂಕಣಿಯಲ್ಲಿ ಜೋಗುಳ ಹೇಳಿದ ಮನುಷ್ಯ. ಅವಳಿಗೆ ಅವರ ಮುಖವೂ ನೆನಪಿಲ್ಲ.

"ಅವರಲ್ಲ" ಎಂದೆ. "ನಾನು."

ಅವಳು ನಗುವುದನ್ನು ನಿಲ್ಲಿಸಿದಳು. ಎಲ್ಲ ಹೇಳಿದೆ. ಕೇಳಿ ಮುಗಿಸಿ ಒಂದೇ ಪ್ರಶ್ನೆ ಕೇಳಿದಳು: "ಡಸ್ ದ ಬ್ರದರ್ ನೋ?"

ಇಲ್ಲ. ಅಣ್ಣ ಇನ್ನೂ ಇದ್ದಾರೆ, ಎಂಬತ್ತು ದಾಟಿದ್ದಾರೆ. ಪೆಟ್ಟಿಗೆ ಮತ್ತೆ ಮತ್ತೆ ಅಚ್ಚಾಗುತ್ತಿದೆ, ಪ್ರತಿ ಸಲವೂ ಅದೇ ಸಾಲು ಇದೆ. ಮೊದಲು ಕನ್ನಡದಲ್ಲಿ ಇದನ್ನು ಬರೆದೆ, ನನ್ನ ಕೈ ತಡೆಯಿಲ್ಲದೆ ಓಡುವುದು ಇದರಲ್ಲೇ. ಇವತ್ತು ಬೆಳಿಗ್ಗೆ ಅವರಿಗೆ ಇಂಗ್ಲಿಷಿನಲ್ಲಿ ಕಾಗದ ಶುರು ಮಾಡಿದೆ. ಮೊದಲ ಸಾಲಿನಲ್ಲಿ ಅಂಕಲ್‌ರ ಹೆಸರನ್ನು ಪೂರ್ತಿಯಾಗಿ ಬರೆದು, ಆ ಟೇಪನ್ನು ಹಾಳುಮಾಡಿದ್ದು ಅವರಲ್ಲ ಎಂದು ಬರೆದೆ. ಎರಡನೆಯ ಸಾಲಿನಲ್ಲಿ ನನ್ನ ಹೆಸರು ಬರೆದೆ.